ಅಡಗಿಮನಿ ಒಡೆಯುವ ಮುಂಚೆ



ಹಿಂಗಾರಿ ಜೋಳದ ರಾಶಿ ಮುಗಿದು, ತೊಗರಿ ಹತ್ತಿಯ ರೊಕ್ಕ ಕೈಗೆ ಬಂತೆಂದರೆ ನಮ್ಮ ಯಾದಗಿರಿ ಸೀಮೆಯಲ್ಲಿ ಗೌಂಡಿಗಳನ್ನು ಹುಡುಕುವ ಕಾಲ ಬಂತು. ಮುದನಾಳದಲ್ಲಿ ನೋಡಿ, ಶಹಾಪುರ ಸುರಪುರದ ಕಡೆ ನೋಡಿ, ಓಣಿಯಲ್ಲಿ ಯಾರದಾದರೂ ಮನೆ ಮುಂದೆ ಉಸುಕಿನ ಗುಂಪಿ ಬಿದ್ದಿರುತ್ತದೆ. ಮಿರಗ ಮಳೆ ಬೀಳುವುದರೊಳಗೆ ಕೆಲಸ ಮುಗಿಯಬೇಕು ಎಂಬ ಅವಸರ ಎಲ್ಲರಿಗೂ. ಪಡಸಾಲಿ ಒಡೆದರೆ ಒಳಗೆ ಹೋಗಿ ಕೂಡಬಹುದು, ಅಂಗಳ ಅಗೆದರೆ ಹಿತ್ತಲಿಂದ ಓಡಾಡಬಹುದು. ಅಡಗಿಮನಿ ಒಡೆದರೆ ಮಾತ್ರ ಅವತ್ತಿನ ರೊಟ್ಟಿ ಎಲ್ಲಿ ಬಡಿಯಬೇಕು ಎಂಬ ಪ್ರಶ್ನೆ ಅವತ್ತೇ ಎದುರಾಗುತ್ತದೆ. ಆದರೆ ಗೌಂಡಿಯ ಜೊತೆ ಮಾತುಕತೆ ನಡೆಯುವುದು ಕಟ್ಟೆಯ ಮೇಲೆ, ಗಂಡಸರ ನಡುವೆ. ರೊಟ್ಟಿ ಬಡಿಯುವವರು ಒಳಗಿಂದ ಚಹಾ ಕಳಿಸುತ್ತಾರೆ, ಅಷ್ಟೆ. ಇದು ಬದಲಾಗಬೇಕು ಎಂಬುದೇ ಇವತ್ತು ನಾನು ಹೇಳಬೇಕೆಂದಿರುವ ಮಾತು.

ನಮ್ಮ ಹಳೆಯ ಮನೆಗಳ ಅಡಗಿಮನಿ ನೆನಪಿಸಿಕೊಳ್ಳಿ. ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಹೊಗೆ ಹೋಗಲು ಬೆಳಕಿಂಡಿ, ನೆಲದ ಮೇಲೆ ಒಲಿ. ಅದರ ಮುಂದೆ ಕೂತು ಕೊಣಮಿಗಿ ಎಳೆದುಕೊಂಡು ಹಿಟ್ಟು ನಾದಿ ರೊಟ್ಟಿ ಬಡಿಯುವುದು. 2016ರಲ್ಲಿ ಉಜ್ವಲಾ ಯೋಜನೆ ಬಂದ ಮೇಲೆ ಹಳ್ಳಿ ಮನೆಗಳಿಗೂ ಗ್ಯಾಸ್ ಹೊಕ್ಕಿತು. ಗ್ಯಾಸ್ ಒಲೆಗೆ ಕಟ್ಟೆ ಬೇಕು, ಕಟ್ಟೆಗೆ ಕಲ್ಲು ಬೇಕು. ಹೀಗೆ ಕೂತು ಮಾಡುತ್ತಿದ್ದ ಅಡಗಿ ನಿಂತು ಮಾಡುವ ಅಡಗಿಯಾಯಿತು. ಕಾಯಿಪಲ್ಯ ಹೆಚ್ಚುವುದಕ್ಕೆ, ಸಾರು ಕುದಿಸುವುದಕ್ಕೆ ಇದರಿಂದ ಸುಖವೇ ಆಯಿತು. ಕಷ್ಟವಾದದ್ದು ಜೋಳದ ರೊಟ್ಟಿಗೆ.

ಗೌಂಡಿಗೆ ಒಂದು ಅಳತೆ ರೂಢಿಯಾಗಿರುತ್ತದೆ: ನೆಲದಿಂದ 32, 34 ಇಂಚು. ಹೆಚ್ಚುವ, ತೊಳೆಯುವ ಕೆಲಸಕ್ಕೆ ಅದು ಸರಿಯಾದ ಎತ್ತರ. ರೊಟ್ಟಿ ಬಡಿಯುವಾಗ ಭಾರ ಭುಜದಿಂದ ಅಂಗೈಗೆ ಇಳಿಯಬೇಕು. ಐದು ಅಡಿ ಎತ್ತರದ ಹೆಣ್ಣುಮಗಳ ಮೊಣಕೈ ನೆಲದಿಂದ ಸುಮಾರು 38 ಇಂಚಿನಲ್ಲಿರುತ್ತದೆ. ಆಕೆಗೆ 34 ಇಂಚಿನ ಕಟ್ಟೆ ಕೊಟ್ಟರೆ ಭುಜ ಮೇಲೆತ್ತಿಕೊಂಡೇ ಬಡಿಯಬೇಕಾಗುತ್ತದೆ. ಹೊತ್ತಿಗೆ ಹತ್ತಿಪ್ಪತ್ತು ರೊಟ್ಟಿ ಬಡಿಯುವ ಮನೆಯಲ್ಲಿ ಕುತ್ತಿಗೆ, ರಟ್ಟೆ ನೋವಿಗೆ ಬೇರೆ ಕಾರಣ ಹುಡುಕಬೇಕಿಲ್ಲ. ಮೊಣಕೈಯಿಂದ ಒಂದು ಗೇಣು ಕೆಳಗೆ, ಅಂದರೆ 28, 29 ಇಂಚಿನ ಎತ್ತರದಲ್ಲಿ ರೊಟ್ಟಿಗೆಂದೇ ಒಂದು ತುಂಡು ಕಟ್ಟೆ ಕಟ್ಟಿಸಿ. ಎರಡಡಿ ಅಗಲ ಸಾಕು. ಅದಕ್ಕೆ ಬೇಕಾಗುವುದು ಅದೇ ಕಲ್ಲು, ಅದೇ ಕೂಲಿ. ಗೋಡೆಗೆ ಗೆರೆ ಹಾಕುವ ಮೊದಲು ಅಡಗಿ ಮಾಡುವವರನ್ನೇ ಗೋಡೆ ಪಕ್ಕ ನಿಲ್ಲಿಸಿ ಅಳೆಯಬೇಕು, ಅಷ್ಟೆ. ಮೊಣಕಾಲು ನೋವಿಲ್ಲದ, ಕೂತೇ ಮಾಡಲು ಇಷ್ಟಪಡುವ ಹಿರಿಯರಿದ್ದರೆ ನೆಲದ ಒಲಿಯ ಜಾಗವನ್ನೂ ಉಳಿಸಿಕೊಳ್ಳಿ. ಅದನ್ನು ಹಳೆಯ ಕಾಲದ್ದೆಂದು ತೆಗೆಸಿಹಾಕುವ ಅಗತ್ಯ ನನಗೆ ಕಾಣುವುದಿಲ್ಲ.

ನಿಂತು ಮಾಡುವ ಈ ಕಟ್ಟೆಯ ಮೂಲವನ್ನೂ ನೋಡಿ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರಕ್ಕಾಗಿ ಮಾರ್ಗರೇಟೆ ಶ್ಯುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ಒಂದು ಅಡುಗೆಮನೆ ರೂಪಿಸಿದರು. ಕಾರ್ಮಿಕ ಕುಟುಂಬಗಳ ಸುಮಾರು 10,000 ಮನೆಗಳಲ್ಲಿ ಅದನ್ನು ಅಳವಡಿಸಲಾಯಿತು. ಜಗತ್ತಿನಾದ್ಯಂತ ಇವತ್ತು ಕಾಣುವ ಕಟ್ಟೆ-ಕಪಾಟಿನ ಅಡುಗೆಮನೆಗೆ ಅದೇ ಹಿರಿಯಜ್ಜಿ. ಕೈಗೆ ಏನು ಎಟಕುತ್ತದೆ, ಎಷ್ಟು ಹೆಜ್ಜೆ ಉಳಿಯುತ್ತದೆ ಎಂದು ಲೆಕ್ಕ ಹಾಕಿ ಆಕೆ ಅದನ್ನು ಮಾಡಿದ್ದರು, ಕೂತು ಕೆಲಸ ಮಾಡಲು ಒಂದು ಸ್ಟೂಲನ್ನೂ ಇಟ್ಟಿದ್ದರು. ನಮ್ಮಲ್ಲಿಗೆ ಬರುವಷ್ಟರಲ್ಲಿ ಕಟ್ಟೆ ಉಳಿಯಿತು, ಆ ಸ್ಟೂಲು ಬಿಟ್ಟುಹೋಯಿತು.

ಇನ್ನು ಕಲ್ಲಿನ ವಿಚಾರ. ಭೀಮಾ ಕಣಿವೆಯ ಸುಣ್ಣಗಲ್ಲು ನಮಗೆ ಹತ್ತಿರದ್ದು. ಶಹಾಬಾದ್ ಫರಸಿ ಎಂದು ದೇಶಕ್ಕೆಲ್ಲ ಹೋದದ್ದು ಅದೇ. ವಾಡಿಯ ಸಿಮೆಂಟಿಗೂ ಮೂಲ ಅದೇ ಕಲ್ಲು. ನೆಲಕ್ಕೆ ಅದಕ್ಕಿಂತ ತಂಪು, ಅದಕ್ಕಿಂತ ಬಾಳಿಕೆಯ ಹಾಸು ಈ ಬಿಸಿಲಿನ ನಾಡಿಗೆ ಇಲ್ಲವೆಂದೇ ನಾನು ನಂಬುತ್ತೇನೆ. ಆದರೆ ಸುಣ್ಣಗಲ್ಲಿಗೆ ಹುಳಿ ಆಗುವುದಿಲ್ಲ. ಹುಣಸೆಹಣ್ಣಿನ ರಸ, ಲಿಂಬಿ, ಮಜ್ಜಿಗೆ ಬಿದ್ದು ಹಾಗೇ ಒಣಗಿದರೆ ಹೊಳಪು ಹೋಗಿ ಮಂಕು ಕಲೆ ನಿಲ್ಲುತ್ತದೆ. ಕಡಪದ ಕರಿ ಕಲ್ಲೂ ಸುಣ್ಣಗಲ್ಲೇ ಆದ್ದರಿಂದ ಅದಕ್ಕೂ ಇದೇ ಪಾಡು. ಹಾಗಾಗಿ ನೆಲಕ್ಕೆ ಫರಸಿ, ಒಲೆ ಕಟ್ಟೆಗೆ ಗ್ರಾನೈಟ್ ಎಂಬ ಹಂಚಿಕೆ ಒಳ್ಳೆಯದು. ಮುಖ್ಯವಾದ ಎಚ್ಚರಿಕೆ ಇನ್ನೊಂದಿದೆ. ಕೆಲಸ ಮುಗಿದ ದಿನ ಸಿಮೆಂಟಿನ ಕಲೆ ತೆಗೆಯಲೆಂದು ಆಸಿಡ್ ಸುರಿದು ನೆಲ ತಿಕ್ಕುವ ಪದ್ಧತಿಯಿದೆ. ಫರಸಿಯ ಮೇಲೆ ಆಸಿಡ್ ಬಿದ್ದರೆ ಬುರುಬುರು ನೊರೆ ಏಳುತ್ತದೆ, ಕಲೆಯ ಜೊತೆ ಕಲ್ಲೂ ಕರಗುತ್ತದೆ. ಆಸಿಡ್ ಬೇಡ ಎಂದು ಮೊದಲ ದಿನವೇ ಹೇಳಿಬಿಡಿ.

ಗ್ರಾನೈಟ್ ಕೊಯ್ಯುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಎಂಬ ಆ ಕಾಯಿಲೆಯನ್ನು ಗುಣಪಡಿಸುವ ಔಷಧವಿಲ್ಲ. ಕೊಯ್ಯುವ ಕೆಲಸ ಮನೆ ಹೊರಗೆ ನಡೆಯಲಿ, ಅಲಗಿನ ಮೇಲೆ ನೀರು ಬೀಳುತ್ತಿರಲಿ. ಕೊಯ್ಯುವ ಹುಡುಗನಿಗೆ ಮಾಸ್ಕ್ ಕೊಡಿಸುವುದು ಮನೆಯವರ ಜವಾಬ್ದಾರಿಯೂ ಹೌದು.

ಎರಿಮಣ್ಣಿನ ಊರುಗಳಲ್ಲಿ ಅಡಗಿಮನಿ ಹಿಗ್ಗಿಸುವವರಿಗೆ ಒಂದು ಮಾತು. ಎರಿಮಣ್ಣು ಮಳೆಗಾಲಕ್ಕೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಹಳೆಯ ಗೋಡೆಗೆ ಹೊಸ ಗೋಡೆ ಅಂಟಿಸಿದರೆ ಎರಡೂ ಒಂದೇ ರೀತಿ ಕೂಡುವುದಿಲ್ಲ, ಎರಡು ಮಳೆಗಾಲದೊಳಗೆ ಸಂದಿನುದ್ದಕ್ಕೂ ಸೀಳು ಕಾಣಬಹುದು. ಬುನಾದಿಯನ್ನು ಗಟ್ಟಿ ನೆಲ ಸಿಗುವವರೆಗೆ ಇಳಿಸಿ, ನೆಲಹಾಸಿನ ಕೆಳಗೆ ಗರಸು ತುಂಬಿಸಿ. ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಿಸುವವರು ಬೆಳಕಿಂಡಿಯನ್ನು ಮರೆಯಬಾರದು. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟಿರುವಾಗ ಕಾದ ಸ್ಲ್ಯಾಬಿನ ಕೆಳಗೆ ಒಲೆ ಹಚ್ಚಿ ನಿಲ್ಲುವವರಿಗೆ ಬಿಸಿಗಾಳಿ ಮೇಲೇರಿ ಹೊರಹೋಗುವ ದಾರಿ ಬೇಕು. ಗ್ಯಾಸಿನ ಗುಣ ಇದಕ್ಕೆ ತದ್ವಿರುದ್ಧ. ಅಡಗಿ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಹರಡುತ್ತದೆ. ಅದಕ್ಕೆ ಕೆಳಗಡೆಯೂ ಒಂದು ಜಾಲಂದ್ರ ಬೇಕು, ಸಿಲಿಂಡರನ್ನು ಪೂರ್ತಿ ಮುಚ್ಚಿದ ಕಪಾಟಿನಲ್ಲಿ ಇಡಬಾರದು.

ಬೇಸಿಗೆಯ ಅವಸರದ ದೊಡ್ಡ ನಷ್ಟ ಕ್ಯೂರಿಂಗಿನಲ್ಲಿ ಆಗುತ್ತದೆ. ಬಿಸಿ ಒಣ ಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆಯಾಗಿ ಇಡಬೇಕು ಎಂದು ಭಾರತೀಯ ಮಾನಕ ಐ.ಎಸ್. 456 ಹೇಳುತ್ತದೆ. ಕುಡಿಯಲು ನೀರಿಲ್ಲದ ತಿಂಗಳಲ್ಲಿ ಗೋಣಿತಟ್ಟು ಹೊದಿಸಿ ದಿನಕ್ಕೆ ಮೂರು ಸಲ ನೀರು ಹೊಡೆಯುವುದು ಎಷ್ಟು ಕಷ್ಟವೆಂದು ನಮ್ಮೂರಿನವರಿಗೆ ಹೇಳಬೇಕಿಲ್ಲ. ಸಾಧ್ಯವಿದ್ದವರು ದೀಪಾವಳಿ ಕಳೆದ ತಂಪು ದಿನಗಳನ್ನು ಆರಿಸಿಕೊಳ್ಳಿ. ಆಗ ಇನ್ನೊಂದು ತೊಡಕು: ಹತ್ತಿ ಬಿಡಿಸುವುದು, ತೊಗರಿ ಕೊಯ್ಲು ಎಂದು ಕೂಲಿಯಾಳು ಹೊಲಕ್ಕೆ ಹೋಗಿರುತ್ತಾರೆ. ಪಳಗಿದ ಗೌಂಡಿಗಳು ಎಷ್ಟೋ ಮಂದಿ ಬೆಂಗಳೂರು, ಪುಣೆ, ಹೈದರಾಬಾದ್ ಸೇರಿದ್ದಾರೆ, ಊರಿಗೆ ಬರುವುದು ಉಗಾದಿಗೋ ಮೊಹರಂಗೋ. ಆ ಮಹಾನಗರಗಳನ್ನು ಕಟ್ಟಿದವರಲ್ಲಿ ನಮ್ಮ ಜಿಲ್ಲೆಯ ಕೈಗಳೂ ಇವೆ. ನಾಲ್ಕು ದಿನ ಕಾದರೂ ಚಿಂತೆಯಿಲ್ಲ, ಅಂಥವರು ಊರಲ್ಲಿದ್ದಾಗಲೇ ಮಾತಾಡಿಸಿ ದಿನ ಗೊತ್ತುಮಾಡಿಕೊಳ್ಳಿ.

ಗುತ್ತಿಗೆಯ ಮಾತಿಗೆ ಬರೋಣ. ಹಳೆಯ ಗೋಡೆಯೊಳಗೆ ಏನಿದೆ ಎಂದು ಯಾರಿಗೂ ತಿಳಿಯದು. ಅದಕ್ಕೆ ಒಡೆಯುವ ಕೆಲಸವನ್ನು ದಿನಗೂಲಿಗೆ ಕೊಡಿ, ಕಟ್ಟುವುದನ್ನು ಕೂಲಿ ಗುತ್ತಿಗೆಗೆ ಕೊಟ್ಟು ಮಾಲನ್ನು ನೀವೇ ತನ್ನಿ. ಮಾಲು ಸಹಿತ ಗುತ್ತಿಗೆ ಸಣ್ಣ ಕೆಲಸಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಬಾಯಿಮಾತು ಸಾಲದು, ಮಕ್ಕಳ ನೋಟ್‌ಬುಕ್ಕಿನಲ್ಲೇ ಆದರೂ ಬರೆದಿಡಿ. ಜಗಳ ಹುಟ್ಟುವುದು ಸಣ್ಣ ಸಂಗತಿಗಳಿಗೆ. ಒಡೆದ ಮಣ್ಣು ಯಾರು ಸಾಗಿಸಬೇಕು? ತೆಗೆದ ಹಳೆಯ ತೊಲೆ, ಕಲ್ಲು ಯಾರಿಗೆ? ಬಚ್ಚಲ ನೀರು ಯಾವ ಕಡೆ ಹರಿಯಬೇಕು? ನಲ್ಲಿಯ ಪೈಪು, ಕರೆಂಟಿನ ವೈರು ಗಿಲಾವಿಗೆ ಮುಂಚೆ ಗೋಡೆಯೊಳಗೆ ಹೋಗುತ್ತವೆಯೋ ಇಲ್ಲವೋ? ಇಸಾರ ಕಡಿಮೆ ಇರಲಿ, ಬಟವಾಡೆ ವಾರವಾರ ತಪ್ಪದೆ ಆಗಲಿ. ವಾರದ ಸಂತೆಗೆ ರೊಕ್ಕವಿಲ್ಲದೆ ಹೋದವನು ಸೋಮವಾರ ಬೇರೆ ಕೆಲಸಕ್ಕೆ ಹೋದರೆ ಅವನನ್ನು ಬೈಯಬೇಡಿ.

ಕೆಲಸ ನಡೆದಷ್ಟು ದಿನ ಊಟದ ಚಿಂತೆಗೆ ನಮ್ಮ ಹಿರಿಯರೇ ಉಪಾಯ ಮಾಡಿಟ್ಟಿದ್ದಾರೆ. ಒಡೆಯುವುದಕ್ಕೆ ಮುಂಚಿನ ವಾರ ಖಡಕ್ ರೊಟ್ಟಿ ಬಡಿದು ಒಣಗಿಸಿ ಅಡ್ಡಗಿ ಕಟ್ಟಿಡಿ, ವಾರಗಟ್ಟಲೆ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು ಜೊತೆಗಿದ್ದರೆ ಪಡಸಾಲಿ ಮೂಲೆಯಲ್ಲಿ ಒಂದು ಒಲೆಯ ಮೇಲೆ ಬೇಳೆ ಕುದಿಸಿಕೊಂಡರೆ ಸಾಕು.

ಕೊನೆಯ ಕಂತನ್ನು ಕೊಡುವ ಮೊದಲು ಒಂದು ವಾರ ಹೊಸ ಅಡಗಿಮನಿಯಲ್ಲಿ ಅಡಗಿ ಮಾಡಿ ನೋಡಿ. ನೆಲದ ಮೇಲೆ ಒಂದು ಕೊಡ ನೀರು ಸುರಿದು ಎಲ್ಲಿ ನಿಲ್ಲುತ್ತದೆ ಪರೀಕ್ಷಿಸಿ. ಸರಿಯಿದೆಯೋ ಇಲ್ಲವೋ ಎಂಬುದನ್ನು ಅಡಗಿ ಮಾಡುವವರೇ ಗೌಂಡಿಗೆ ಹೇಳಲಿ. ಬಾಕಿ ಚುಕ್ತಾ ಮಾಡುವ ದಿನ ಆತ ಮತ್ತು ಆತನ ಆಳುಗಳು ಎಷ್ಟು ದಿನ ಕೆಲಸ ಮಾಡಿದರೆಂದು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹಿಂದಿನ ಒಂದು ವರ್ಷದಲ್ಲಿ 90 ದಿನ ದುಡಿದಿರಬೇಕು. ಆ ದಿನಗಳನ್ನು ತೋರಿಸುವಾಗ ನಿಮ್ಮ ಮನೆಯ ಲೆಕ್ಕವೂ ಅವರ ಕೈಯಲ್ಲಿರಲಿ.