ಅಂಗೈ ನಡುಗಿದಾಗ: ಭಂಗಿ ಎಣ್ಣೆಯ ಬಗ್ಗೆ ಎರಡು ಮಾತು

(ಶ್ರೀಮಠದ ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)

 

ಈ ಗೋಷ್ಠಿಯಲ್ಲಿ ಷಟ್‌ಸ್ಥಲದ ಬಗ್ಗೆಯೋ ಅಷ್ಟಾವರಣದ ಬಗ್ಗೆಯೋ ಮಾತಾಡುವುದು ರೂಢಿ. ಈ ಸಲ ಪೂಜ್ಯರು, "ತಾಯಿ, ನಿಮ್ಮ ಮನೆಯಲ್ಲಿ ಆದದ್ದನ್ನೇ ಹೇಳಿರಿ, ಬಹಳ ಮಂದಿಗೆ ಬೇಕಾಗಿದೆ" ಎಂದು ಅಪ್ಪಣೆ ಕೊಟ್ಟರು. ನಾನು ಯಜಮಾನರ ಒಪ್ಪಿಗೆ ಕೇಳಿದೆ. ಅವರು ಇಲ್ಲೇ ಮೂರನೇ ಸಾಲಿನಲ್ಲಿದ್ದಾರೆ, ತಪ್ಪಿದರೆ ಅಲ್ಲಿಂದಲೇ ತಿದ್ದುತ್ತಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು, ವೈದ್ಯಳಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಯಜಮಾನರದು ಕಿರಾಣಿ ಅಂಗಡಿಯ ಕಾಯಕ. ಕಾಯಿಲೆ ಮೊದಲು ಕಂಡದ್ದು ಉದ್ರಿ ಖಾತೆಯ ಪುಸ್ತಕದಲ್ಲಿ. ಸಾಲಿನ ಆರಂಭದಲ್ಲಿ ದುಂಡಗಿದ್ದ ಅಕ್ಷರ ಕೊನೆಗೆ ಬರುವಷ್ಟರಲ್ಲಿ ಸಾಸಿವೆಯಷ್ಟಾಗುತ್ತಿತ್ತು. ಕನ್ನಡಕ ಬದಲಿಸಿದೆವು. ಆಮೇಲೆ ಎಡಗೈ ನಡುಗತೊಡಗಿತು. ಕೆಲಸ ಮಾಡುವಾಗ ಅಲ್ಲ, ಸುಮ್ಮನೆ ಇಟ್ಟಾಗ. ಪಾರ್ಕಿನ್ಸನ್ ಕಾಯಿಲೆಯ ನಡುಕ ಹಾಗೆಯೇ, ಕೈ ವಿಶ್ರಾಂತಿಯಲ್ಲಿದ್ದಾಗ ಹೆಚ್ಚು, ಮೊದಲು ಒಂದೇ ಬದಿಗೆ.

ನಮಗೆ ಎಡಗೈ ಎಂದರೆ ಬರೀ ಎಡಗೈ ಅಲ್ಲ, ಇಷ್ಟಲಿಂಗದ ಪೀಠ. ಒಂದು ಬೆಳಿಗ್ಗೆ ಪೂಜೆಯ ನಡುವೆ ಲಿಂಗ ಅಂಗೈಯಿಂದ ಜಾರಿ ಮಡಿಲಿಗೆ ಬಿತ್ತು. ಲಿಂಗ ಬಿದ್ದರೆ ಭಕ್ತ ಬದುಕಬಾರದು ಎಂಬ ಹಳೆಯ ಮಾತನ್ನು ಕೇಳಿ ಬೆಳೆದವರು ಅವರು. ಅಂದು ಊಟ ಮಾಡಲಿಲ್ಲ. ಮರುದಿನದಿಂದ ಲಿಂಗವನ್ನು ಕೊರಳಲ್ಲೇ ಉಳಿಸಿಕೊಂಡು ಪೂಜೆ ನಿಲ್ಲಿಸಿದರು. ನಾಲ್ಕು ತಿಂಗಳು. ನೆಂಟರೊಬ್ಬರು ಬಂದು "ಹಿಂದಿನ ಜನ್ಮದ ಕರ್ಮ" ಎಂದು ಹೇಳಿ ಚಹಾ ಕುಡಿದು ಹೋದರು. ಜನ್ಮಾಂತರದ ಲೆಕ್ಕ ತೋರಿಸಿ ಮನುಷ್ಯರನ್ನು ಕೆಳಗಿಡುವುದನ್ನು ಒಪ್ಪದ ಮಾರ್ಗದಲ್ಲಿದ್ದೇವೆ ಎಂದು ನಾವು ಭಾಷಣ ಮಾಡುತ್ತೇವೆ. ಮನೆಗೆ ರೋಗ ಬಂದಾಗ ಆ ಲೆಕ್ಕದ ಪುಸ್ತಕ ಮತ್ತೆ ತೆರೆಯುತ್ತದೆ.

ಇದು ಕರ್ಮವಲ್ಲ. ಮಿದುಳಿನ ಒಳಭಾಗದಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ತಯಾರಿಸುವ ಜೀವಕೋಶಗಳು ಸವೆಯುತ್ತವೆ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಈ ನಡುಕದ ರೋಗದ ಬಗ್ಗೆ ಬರೆದರು, ಹೆಸರು ಅವರಿಂದ ಬಂತು. ನಮ್ಮ ವೈದ್ಯರು ಕಂಪವಾತವೆಂದು ಕರೆದು ನಸುಗುನ್ನಿ ಬೀಜ ಕೊಡುತ್ತಿದ್ದರು. ಮೈಗೆ ತಾಗಿದರೆ ತುರಿಸುವ ಅದೇ ನಸುಗುನ್ನಿ. 1937ರಲ್ಲಿ ನಮ್ಮ ದೇಶದ ವಿಜ್ಞಾನಿಗಳೇ ಅದರ ಬೀಜದಿಂದ ಎಲ್-ಡೋಪಾ ಬೇರ್ಪಡಿಸಿದರು. ಇಂದು ಈ ರೋಗಕ್ಕೆ ಮುಖ್ಯ ಔಷಧವಾಗಿರುವ ಲೆವೊಡೋಪಾ ಗುಳಿಗೆಯಲ್ಲಿರುವುದು ಅದೇ ವಸ್ತು. ಗಿಡದಿಂದ ಔಷಧ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ ಎಂಬುದಕ್ಕೆ ಇಷ್ಟು ಹೇಳಿದೆ.

ಇನ್ನು ಶೀಶೆಯ ಕಥೆ. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗ ಮೊಬೈಲಿಗೆ ಒಂದು ವಿಡಿಯೊ ಕಳಿಸಿದ. ಅಮೆರಿಕದ ನಿವೃತ್ತ ಪೊಲೀಸ್ ಅಧಿಕಾರಿ, ಮೈಯೆಲ್ಲ ಅದುರುತ್ತಿದೆ. ನಾಲಿಗೆ ಕೆಳಗೆ ನಾಲ್ಕು ಹನಿ ಬಿಟ್ಟುಕೊಳ್ಳುತ್ತಾರೆ, ಸ್ವಲ್ಪ ಹೊತ್ತಿಗೆ ಅದುರು ನಿಲ್ಲುತ್ತದೆ. ನೋಡಿದ ಯಾರಿಗೂ ಕಣ್ಣೀರು ಬರಬೇಕು, ನನಗೂ ಬಂತು. ವಾರದಲ್ಲಿ ಶೀಶೆ ಮನೆಗೆ ಬಂತು. ಮೇಲೆ 'ವಿಜಯಾ' ಎಂದಿತ್ತು, ಆಯುರ್ವೇದದಲ್ಲಿ ಭಂಗಿಗೆ ಇರುವ ಹೆಸರು.

ಯಜಮಾನರು ಮುಟ್ಟಲಿಲ್ಲ. "ಮಠದ ಕಟ್ಟೆಯ ಮೇಲೆ ಚಿಲುಮೆ ಸೇದುವವರನ್ನು ಎಬ್ಬಿಸಿ ಕಳಿಸಿದವನು ನಾನು. ಅದನ್ನೇ ಕುಡಿಯಲೇನು?" ಎಂದರು. ಯಾದಗಿರಿ ಸೀಮೆಯ ಕೆಲವು ನೆಲೆಗಳಲ್ಲಿ ಭಂಗಿಯನ್ನು ಪ್ರಸಾದವೆಂದು ಕೊಡುವುದು ನಮಗೆಲ್ಲ ಗೊತ್ತು. ಅದನ್ನು ನಿಲ್ಲಿಸಬೇಕೆನ್ನುವವರ ಸಾಲಿನಲ್ಲಿ ನಾವಿಬ್ಬರೂ ಇದ್ದೇವೆ. ಆಗ ನಾನು ಮೇಷ್ಟ್ರಾದೆ. ಆ ಗಿಡದಲ್ಲಿ ಅನೇಕ ವಸ್ತುಗಳಿವೆ. ಅಮಲು ಏರಿಸುವುದು ಟಿ.ಎಚ್.ಸಿ. ಸಿ.ಬಿ.ಡಿ. ಎಂಬ ಇನ್ನೊಂದು ಹಾಗೆ ಅಮಲು ಕೊಡುವುದಿಲ್ಲ. ಇಸ್ರೇಲಿನ ರಫೇಲ್ ಮೆಷುಲಮ್ 1963 ಮತ್ತು 1964ರಲ್ಲಿ ಇವೆರಡರ ರಚನೆಯನ್ನು ಗುರುತಿಸಿದರು. ಮಕ್ಕಳಿಗೆ ಬರುವ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ ಸಿ.ಬಿ.ಡಿ. ಔಷಧವನ್ನು ಅಮೆರಿಕ ಸರ್ಕಾರ 2018ರಲ್ಲಿ ಒಪ್ಪಿದೆ. ನಮ್ಮ 1985ರ ಕಾಯ್ದೆ ಹೂತೆನೆಯನ್ನೂ ಅಂಟನ್ನೂ ಹಿಡಿಯುತ್ತದೆ, ಬರೀ ಎಲೆಯನ್ನಲ್ಲ. ಆದ್ದರಿಂದ ವಿಜಯಾದ ಔಷಧವನ್ನು ವೈದ್ಯರ ಚೀಟಿಯ ಮೇಲೆ ಮಾರಲು ದಾರಿಯಿದೆ. ನಮ್ಮ ಶೀಶೆಗೆ ಯಾರೂ ಚೀಟಿ ಕೇಳಲಿಲ್ಲ, ಫೋನಿನಲ್ಲಿ ಎರಡು ಪ್ರಶ್ನೆ ಕೇಳಿ ಕಳಿಸಿಬಿಟ್ಟರು. ಅದೂ ನಮ್ಮದೇ ತಪ್ಪು.

ಬೆಳಿಗ್ಗೆ ಐದು ಹನಿ, ರಾತ್ರಿ ಐದು ಹನಿ. ಮೊದಲ ವಾರ ಬಹಳ ಚೆನ್ನಾಗಿತ್ತು. ನಿದ್ದೆ ಬಂತು, ಮುಖ ಅರಳಿತು, ಕೈ ಕೂಡ ಕಡಿಮೆ ನಡುಗುತ್ತಿದೆ ಎಂದು ಇಬ್ಬರಿಗೂ ಅನ್ನಿಸಿತು. ಎರಡನೇ ವಾರ ನನಗೆ ಹೇಳದೆ ಲೆವೊಡೋಪಾ ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. "ಎಣ್ಣೆ ಹಿಡಿಯಿತಲ್ಲ" ಎಂಬ ಧೈರ್ಯ. ಮೂರನೇ ವಾರ ಬಚ್ಚಲಮನೆಯ ಹೊಸ್ತಿಲಲ್ಲಿ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟು ಬಿದ್ದರು. ಹುಬ್ಬಿಗೆ ನಾಲ್ಕು ಹೊಲಿಗೆ.

ನರರೋಗ ವೈದ್ಯರು ಬೈಯಲಿಲ್ಲ, ಅದೇ ಹೆಚ್ಚು ನಾಚಿಕೆಯಾಯಿತು. ಈ ಗುಳಿಗೆಯನ್ನು ಒಮ್ಮೆಲೇ ನಿಲ್ಲಿಸಿದರೆ ಮೈ ಬಿಗಿದು ಜ್ವರ ಬಂದು ಪ್ರಾಣಕ್ಕೇ ಸಂಚಕಾರ ಬರಬಹುದು ಎಂದರು. ಸಿ.ಬಿ.ಡಿ. ಯಕೃತ್ತಿನಲ್ಲಿ ಬೇರೆ ಔಷಧಗಳೊಡನೆ ಜಗಳಕ್ಕೆ ಬೀಳುತ್ತದೆ, ರಾತ್ರಿಯ ನಿದ್ದೆ ಗುಳಿಗೆ ಹೆಚ್ಚು ಮಂಪರು ಕೊಡಬಹುದು, ಎದ್ದು ನಿಂತಾಗ ರಕ್ತದೊತ್ತಡ ಇಳಿಯುವವರಿಗೆ ಇನ್ನಷ್ಟು ಇಳಿಯಬಹುದು ಎಂದೂ ತಿಳಿಸಿದರು. ಇಲ್ಲಿ ಯಾರ ಮನೆಯಲ್ಲಾದರೂ ಇಂಥ ಶೀಶೆಯಿದ್ದರೆ ಅದನ್ನು ವೈದ್ಯರ ಮೇಜಿನ ಮೇಲಿಟ್ಟು ಮಾತಾಡಿ. ಬಚ್ಚಿಡಬೇಡಿ.

ಆಮೇಲೆ ನಾನು ಪರೀಕ್ಷೆಗಳ ವರದಿ ಹುಡುಕಿ ಓದಿದೆ. ಬ್ರೆಜಿಲ್ಲಿನಲ್ಲಿ 2014ರಲ್ಲಿ 21 ರೋಗಿಗಳ ಮೇಲೆ ಆರು ವಾರ ನೋಡಿದರು. ನಡುಕ, ಬಿಗಿತದಲ್ಲಿ ವ್ಯತ್ಯಾಸವಿಲ್ಲ. ದಿನಕ್ಕೆ 300 ಮಿಲಿಗ್ರಾಂ ಕುಡಿದವರು ಬದುಕು ಹಿತವಾಯಿತು ಎಂದರು. ಅಮೆರಿಕದ ಕೊಲರಾಡೊದಲ್ಲಿ 61 ಮಂದಿಗೆ ಎಳ್ಳೆಣ್ಣೆಯಲ್ಲಿ ಕೊಟ್ಟು ನೋಡಿ 2024ರಲ್ಲಿ ಪ್ರಕಟಿಸಿದರು. ಬರೀ ಎಣ್ಣೆ ಕುಡಿದವರಿಗಿಂತ ನಡುಕದಲ್ಲಿ ಹೆಚ್ಚಿನ ಲಾಭ ಸಿಗಲಿಲ್ಲ, ನಿದ್ದೆ ಮತ್ತು ಬುದ್ಧಿಯ ಚುರುಕಿನಲ್ಲಿ ಬರೀ ಎಣ್ಣೆಯವರೇ ಮೇಲು. ನಮ್ಮ ಶೀಶೆಯ ಲೆಕ್ಕವನ್ನೂ ಹಾಕಿದೆ. 30 ಮಿಲಿಯಲ್ಲಿ 1000 ಮಿಲಿಗ್ರಾಂ, ಅಂದರೆ ಹತ್ತು ಹನಿಗೆ ಸುಮಾರು 17. ಪರೀಕ್ಷೆಯ 300 ಎಲ್ಲಿ, ನಮ್ಮ 17 ಎಲ್ಲಿ! 300 ಕುಡಿಯಬೇಕೆಂದರೆ ತಿಂಗಳಿಗೆ ಒಂಬತ್ತು ಶೀಶೆ, ಅದಕ್ಕೆ ಅಂಗಡಿಯನ್ನೇ ಮಾರಬೇಕು.

ಹಾಗಾದರೆ ಮೊದಲ ವಾರದ ಸುಖ ಸುಳ್ಳೇ? ಸುಳ್ಳಲ್ಲ. ಔಷಧವೆಂದು ನಂಬಿ ಬರೀ ಉಪ್ಪುನೀರಿನಂಥದ್ದನ್ನು ಪಡೆದ ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲೂ ಡೋಪಮಿನ್ ಬಿಡುಗಡೆಯಾಗುತ್ತದೆ ಎಂದು ಕೆನಡಾದ ವಿಜ್ಞಾನಿಗಳು 2001ರಲ್ಲೇ ತೋರಿಸಿದ್ದಾರೆ. ನಂಬಿಕೆಗೆ ಅಷ್ಟು ಬಲವಿದೆ. ಆದರೆ ಆ ಬಲವನ್ನು ಶೀಶೆಯ ಲೆಕ್ಕಕ್ಕೆ ಬರೆದು ಗುಳಿಗೆ ಬಿಟ್ಟದ್ದೇ ನಮ್ಮ ಮೋಸ.

ಇನ್ನೊಂದು ಚಿಕ್ಕ ಪರೀಕ್ಷೆ, 2020ರದು, ನನ್ನ ತಲೆಯಲ್ಲಿ ಕೂತುಬಿಟ್ಟಿತು. 24 ರೋಗಿಗಳನ್ನು ಭಾಷಣ ಮಾಡಲು ನಿಲ್ಲಿಸಿದರು. ಮೊದಲೇ 300 ಮಿಲಿಗ್ರಾಂ ಸಿ.ಬಿ.ಡಿ. ಕೊಟ್ಟಾಗ ಅವರ ಅಂಜಿಕೆ ಕಡಿಮೆಯಾಯಿತು, ಅದರೊಡನೆ ನಡುಕವೂ ತಗ್ಗಿತು. ಓದುತ್ತಿದ್ದಂತೆ ನನಗೆ ಪೂಜೆಯ ಕೋಣೆ ನೆನಪಾಯಿತು. ಅಂಗಡಿಯಲ್ಲಿ ಅಷ್ಟಾಗಿ ನಡುಗದ ಕೈ ಲಿಂಗವಿಟ್ಟ ಕೂಡಲೇ ಯಾಕೆ ಹಾಗೆ ಅದುರುತ್ತಿತ್ತು? ಬಿದ್ದೀತು ಎಂಬ ಅಂಜಿಕೆ. ಆ ಅಂಜಿಕೆಯನ್ನು ಹನಿಯಿಂದಲೇ ಕಳೆಯಬೇಕೆಂದಿಲ್ಲವಲ್ಲ.

ಪೂಜ್ಯರ ಬಳಿ ಕರೆತಂದೆ. ಅವರು ಕೇಳಿದ್ದು ಒಂದೇ. "ಲಿಂಗ ಎಲ್ಲಿ ಬಿತ್ತು?" ಇವರು "ಮಡಿಲಿಗೆ" ಎಂದರು. "ಮಡಿಲು ನಿಮ್ಮ ಅಂಗವಲ್ಲವೇ? ಅಂಗದ ಮೇಲಿರುವ ಲಿಂಗ ಬಿದ್ದದ್ದು ಹೇಗೆ?" ಯಜಮಾನರು ಅಲ್ಲೇ ಅತ್ತರು. ಮದುವೆಯಾದ ಮೇಲೆ ನಾನು ಅದನ್ನು ನೋಡಿದ್ದು ಎರಡನೇ ಸಲ.

ವೈದ್ಯರು ಗುಳಿಗೆಯ ಹೊತ್ತನ್ನು ಪೂಜೆಗೆ ಹೊಂದಿಸಿಕೊಟ್ಟರು. ಬೇಳೆ, ಹಾಲಿನ ಪ್ರೋಟೀನು ಆ ಔಷಧಕ್ಕೆ ಅಡ್ಡಬರುತ್ತದೆ, ಆದ್ದರಿಂದ ಪ್ರಸಾದಕ್ಕೆ ಅರ್ಧ ಗಂಟೆ ಮೊದಲೇ ಗುಳಿಗೆ. ದಾಸೋಹ ಮನೆಯವರು ಇದನ್ನು ತಿಳಿದುಕೊಂಡು ಇವರನ್ನು ಎರಡನೇ ಪಂಕ್ತಿಗೆ ಕೂಡಿಸುತ್ತಾರೆ, ಅವರಿಗೆ ಶರಣು. ಶೀಶೆ ಮುಗಿದ ಮೇಲೆ ಮತ್ತೆ ತರಿಸಲಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿತ್ತು ಎಂದು ಇವರು ಈಗಲೂ ವಾದಿಸುತ್ತಾರೆ, ನಾನು ಜಗಳವಾಡುವುದಿಲ್ಲ. ಮುಂದೆ ದೊಡ್ಡ ಪರೀಕ್ಷೆಗಳು ಬೇರೆ ಮಾತು ಹೇಳಿದರೆ ಕೇಳೋಣ.

ಈಗ ಬೆಳಿಗ್ಗೆ ಐದೂವರೆಗೆ ಗುಳಿಗೆ, ಆರೂಕಾಲಿಗೆ ಪೂಜೆ. ಮೊಣಕೈ ಕೆಳಗೆ ದಿಂಬು, ಅವರ ಎಡಗೈ ಕೆಳಗೆ ನನ್ನ ಕೈ. ಅಂಗೈ ಇನ್ನೂ ನಡುಗುತ್ತದೆ. ನಿನ್ನೆ ಪೂಜೆಯ ಹೊತ್ತಿಗೆ ನನ್ನ ಕೈಯೇ ಜೋಮು ಹಿಡಿದು ಅದುರಿತು. "ನಿನಗೂ ಬಂತೇನು?" ಎಂದು ನಕ್ಕರು.