ಸಿಲಿಕಾನಿನ ದ್ವಿಬಂಧ



ಭೂಮಿಯ ಹೊರಪದರದಲ್ಲಿ ಆಮ್ಲಜನಕವೊಂದನ್ನುಳಿದು ಅತ್ಯಂತ ಹೇರಳವಾಗಿರುವ ಧಾತುವಾದ ಸಿಲಿಕಾನ್, ಆವರ್ತಕೋಷ್ಟಕದಲ್ಲಿ ಇಂಗಾಲದ ಕೆಳಗಿನ ಮನೆಯಲ್ಲಿಯೇ ನೆಲಸಿ ಅದರಂತೆಯೇ ನಾಲ್ಕು ಬಂಧಗಳನ್ನು ಏರ್ಪಡಿಸಿಕೊಳ್ಳುವುದರಿಂದ, ಇಂಗಾಲವು ಸಾಧಿಸಿದುದನ್ನೆಲ್ಲ ಇದೂ ಸಾಧಿಸೀತೆಂಬ ಆಸೆ ರಸಾಯನಜ್ಞರಲ್ಲಿ ಹುಟ್ಟಿದುದು ಸಹಜವೇ. ಆ ಆಸೆಯನ್ನು ಬೆನ್ನಟ್ಟಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ದುಡಿದವರು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಪ್ರಾಧ್ಯಾಪಕ ಫ್ರೆಡರಿಕ್ ಸ್ಟ್ಯಾನ್ಲಿ ಕಿಪ್ಪಿಂಗ್. ಸಿಲಿಕಾನ್ ಮತ್ತು ಆಮ್ಲಜನಕಗಳ ನಡುವೆ ದ್ವಿಬಂಧವನ್ನು ಅರಸಿದ ಅವರ ಪಾತ್ರೆಗಳಲ್ಲಿ ಕಡೆಗೆ ಉಳಿಯುತ್ತಿದ್ದುದು, ಹರಳುಗಟ್ಟಲೊಲ್ಲದ ಜಿಗುಟು ತೈಲ. ಈ ಕ್ಷೇತ್ರದಲ್ಲಿ ಸದ್ಯಕ್ಕೆ ಮಹತ್ತ್ವದ ಪ್ರಗತಿಯನ್ನು ನಿರೀಕ್ಷಿಸಲಾಗದೆಂದು 1936ರ ಉಪನ್ಯಾಸದಲ್ಲಿ ಅವರು ನುಡಿದರು. ಆದರೆ ಆ ಜಿಗುಟು ತೈಲದ ಜಾತಿಗೇ ಸೇರಿದ, ಸಿಲಿಕೋನುಗಳೆಂಬ ವಸ್ತುಗಳು ಎರಡನೆಯ ಮಹಾಯುದ್ಧದಲ್ಲಿ, ಎತ್ತರದಲ್ಲಿ ಹಾರುವ ವಿಮಾನಗಳ ಎಂಜಿನುಗಳ ವಿದ್ಯುತ್ ಜೋಡಣೆಗಳನ್ನು ತೇವದಿಂದ ಕಾಪಾಡಿದುವು.

ದ್ವಿಬಂಧವೇಕೆ ಒದಗಲಿಲ್ಲ? ಸಿಲಿಕಾನಿನ ಪರಮಾಣು ಇಂಗಾಲದ್ದಕ್ಕಿಂತ ದೊಡ್ಡದು. ಎರಡು ಪರಮಾಣುಗಳು ಸಮೀಪಿಸಿದರೂ, ಎರಡನೆಯ ಬಂಧವನ್ನು ಹೆಣೆಯಬೇಕಾದ ಎಲೆಕ್ಟ್ರಾನು ಮೋಡಗಳು ಪರಸ್ಪರ ಚೆನ್ನಾಗಿ ವ್ಯಾಪಿಸಲಾರವು. ಆ ದುರ್ಬಲ ಬಂಧವನ್ನು ತೊರೆದು ನೆರೆಯ ಅಣುಗಳೊಡನೆ ದೃಢವಾದ ಏಕಬಂಧಗಳ ಸರಪಳಿಯಾಗುವುದೇ ಅವಕ್ಕೆ ಲಾಭ. ಇದರಿಂದ, ಇಂಗಾಲದ ಸಾಲಿನ ಕೆಳಗಿನ ಧಾತುಗಳಿಗೆ ದ್ವಿಬಂಧವೇ ಇಲ್ಲವೆಂಬ ನಿಯಮ ಪಠ್ಯಪುಸ್ತಕಗಳಲ್ಲಿ ನೆಲೆಯೂರಿತು. ನಿಯಮವೆಂದು ಕರೆದುದು ಅವಸರವೆಂದೇ ನನ್ನ ಅಭಿಪ್ರಾಯ. ದೊರೆಯದುದಕ್ಕೂ ಅಸಾಧ್ಯವಾದುದಕ್ಕೂ ಅಂತರವುಂಟು.

ಆ ಅಂತರವನ್ನು 1981ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ರಾಬರ್ಟ್ ವೆಸ್ಟ್ ಮತ್ತು ಅವರ ಸಂಗಡಿಗರು ಕಣ್ಣಿಗೆ ಕಾಣಿಸಿದರು. ಮೂರು ಸಿಲಿಕಾನುಗಳ ಸರಪಳಿಯೊಂದರ ನಡುವಣ ಪರಮಾಣುವಿಗೆ ಮೆಸಿಟೈಲೆಂಬ ಎರಡು ಗುಂಪುಗಳನ್ನು, ಎಂದರೆ ಮೂರು ಮೀಥೈಲುಗಳನ್ನು ಹೊತ್ತ ಬೆಂಜೀನು ಉಂಗುರಗಳನ್ನು, ತೊಡಿಸಿ, ದ್ರಾವಣದ ಮೇಲೆ ನೇರಳಾತೀತ ಬೆಳಕನ್ನು ಹಾಯಿಸಲಾಗಿ, ಅಂಚಿನ ಎರಡು ಸಿಲಿಕಾನುಗಳು ತಮ್ಮತಮ್ಮೊಳಗೆ ಕೂಡಿಕೊಂಡು ಕಳಚಿಹೋದುವು. ಒಂಟಿಯಾದ ನಡುವಣವು ಎರಡೆರಡಾಗಿ ದ್ವಿಬಂಧದಿಂದ ಬೆಸೆದು, ಹಳದಿಯ ಹರಳುಗಳಾಗಿ ಕೈಗೆ ಬಂದುವು. ಸಾಮಾನ್ಯವಾಗಿ 2.35 ಆಂಗ್‌ಸ್ಟ್ರಾಂ ಇರುವ ಸಿಲಿಕಾನು–ಸಿಲಿಕಾನು ಅಂತರ ಇಲ್ಲಿ ಸುಮಾರು 2.16ಕ್ಕೆ ಇಳಿದಿತ್ತು. ಬಂಧದ ದೌರ್ಬಲ್ಯವೇನೂ ನೀಗಿರಲಿಲ್ಲ. ನಾಲ್ಕು ದಿಕ್ಕಿನಲ್ಲಿಯೂ ಕೋಟೆಯಂತೆ ನಿಂತ ಆ ಸ್ಥೂಲ ಗುಂಪುಗಳು ಇನ್ನೊಂದು ಅಣು ಸಮೀಪಿಸದಂತೆ ತಡೆದಿದ್ದುವು, ಅಷ್ಟೆ. ಗಾಳಿಯ ಆಮ್ಲಜನಕ ಮಾತ್ರ ಅದನ್ನೂ ದಾಟಿ ಒಳನುಗ್ಗಬಲ್ಲುದು. ಆದುದರಿಂದ ಆ ಹರಳುಗಳನ್ನು ಗಾಳಿ ಸೋಕದಂತೆ ಕಾಪಾಡಬೇಕು.

ಇದೇ ಉಪಾಯದಿಂದ 2004ರಲ್ಲಿ ಜಪಾನಿನ ತ್ಸುಕುಬಾದಲ್ಲಿ ಅಕಿರಾ ಸೆಕಿಗುಚಿಯವರ ಬಳಗ ಸಿಲಿಕಾನಿನ ತ್ರಿಬಂಧವನ್ನೇ ಪಚ್ಚೆಯ ಬಣ್ಣದ ಹರಳುಗಳಾಗಿ ಪಡೆಯಿತು. ಇಂಗಾಲದ ತ್ರಿಬಂಧವುಳ್ಳ ಅಸಿಟಲೀನಿನ ಅಣು ನೆಟ್ಟಗಿದ್ದರೆ ಇದರದು ಬಾಗಿದ ರೂಪ, ಕೋನ ಸುಮಾರು 137 ಅಂಶ. ಹೀಗಿರುವಾಗ ಇದನ್ನು ಪೂರ್ಣ ತ್ರಿಬಂಧವೆನ್ನಬಹುದೇ ಎಂದು ವಿದ್ವಾಂಸರು ವಾದಿಸಿದ್ದಾರೆ.