ಮನೆಯಲ್ಲೇ ಮಗ್ಗ ಇರುವವನಿಗೆ ನಕ್ಷೆಯಲ್ಲಿ ಯಾವ ಬಣ್ಣ?

(ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಪಟ್ಟಣದ ಮಹಾಯೋಜನೆಯ ನಕ್ಷೆಯಲ್ಲಿ ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ ಬಣ್ಣ ಬಳಿಯುತ್ತಾರೆ. ಬಂಗಲೆಯವನಿಗೆ ಇದು ಸರಿಹೋಗುತ್ತದೆ. ಅವನು ಉಣ್ಣುವುದು ಒಂದು ಕಡೆ, ಗಳಿಸುವುದು ಇನ್ನೊಂದು ಕಡೆ. ಗುಳೇದಗುಡ್ಡದಲ್ಲಿ ಖಣ ನೇಯುವವನ ಮನೆಗೆ ಯಾವ ಬಣ್ಣ? ಅವನ ಮಗ್ಗದ ಗುಂಡಿ ಪಡಸಾಲೆಯಲ್ಲೇ ಇದೆ. ಅವನು ನೇಯುತ್ತಿದ್ದರೆ ಹೆಂಡತಿ ಮಗ್ಗುಲಲ್ಲಿ ಕೂತು ಕಂಡಿಕೆ ಸುತ್ತುತ್ತಾಳೆ. ಒಲೆ ಎರಡು ಮಾರು ಆಚೆಗೆ. ಹೊಲಿಗೆಯಂತ್ರ ನಂಬಿ ಬದುಕುವ ವಿಧವೆಗೂ, ಹಪ್ಪಳ ಒತ್ತಿ ಮಾರುವ ತಾಯಂದಿರಿಗೂ ಇದೇ ಪ್ರಶ್ನೆ. ಬೇರೆ ಮಳಿಗೆ ಹಿಡಿಯಿರಿ ಎಂದರೆ ಕಸುಬು ಬಿಡಿ ಎಂದೇ ಅರ್ಥ.

ದೆಹಲಿಯಲ್ಲಿ ಆದದ್ದನ್ನು ನೋಡಿ. ವಸತಿ ಕಟ್ಟಡಗಳನ್ನು ಬೇರೆ ಕೆಲಸಕ್ಕೆ ಬಳಸಿದರೆ ಬೀಗಮುದ್ರೆ ಹಾಕಿರೆಂದು 2006ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತು. ಅಂಗಡಿಗಳ ಬಾಗಿಲು ಮುಚ್ಚಿದವು. ಸೆಪ್ಟೆಂಬರಿನಲ್ಲಿ ಸೀಲಂಪುರದಲ್ಲಿ ಗೋಲೀಬಾರಾಗಿ ಜನ ಸತ್ತರು. ಮರುವರ್ಷ ಫೆಬ್ರವರಿಯಲ್ಲಿ ಹೊರಬಂದ ಮಹಾಯೋಜನೆ, 5 ಕೆಲಸಗಾರರು ಮತ್ತು 5 ಕಿಲೋವಾಟ್ ವಿದ್ಯುತ್ತಿನ ಮಿತಿಯಲ್ಲಿ ನಡೆಯುವ ಗೃಹಕೈಗಾರಿಕೆಗೆ ವಸತಿ ಪ್ರದೇಶದಲ್ಲಿ ಅವಕಾಶ ಕೊಟ್ಟಿತು. ವಕೀಲರು, ವೈದ್ಯರು ಮನೆಯಲ್ಲೇ ಕಚೇರಿ ಇಡಲೂ ಅದರಲ್ಲಿ ಜಾಗವಿತ್ತು. (ವಕೀಲರ ಮನೆಗೆ ದಿನಕ್ಕೆ ಐವತ್ತು ಕಕ್ಷಿಗಾರರು ಬಂದರೂ ಅದು ವಸತಿಯೇ ಎಂಬುದು ಎಲ್ಲ ಊರಿನ ನಂಬಿಕೆ!) ಎಷ್ಟು ಜನ, ಎಷ್ಟು ವಿದ್ಯುತ್ತು, ಎಷ್ಟು ಹೊಗೆ, ಎಷ್ಟು ಸದ್ದು ಎಂದು ಅಳೆಯಿರಿ, ನಾವು ಒಪ್ಪುತ್ತೇವೆ. ಕಸುಬಿನ ಹೆಸರು ಕೇಳಿಯೇ ನೋಟೀಸು ಬರೆಯುವುದನ್ನು ಒಪ್ಪುವುದಿಲ್ಲ.

ನಿಯಮವೇ ಬೇಡವೆಂದು ನಾನು ಹೇಳುತ್ತಿಲ್ಲ. 2019ರ ಡಿಸೆಂಬರ್ 8ರಂದು ಅದೇ ದೆಹಲಿಯ ಅನಾಜ್ ಮಂಡಿಯ ಇಕ್ಕಟ್ಟಿನ ಓಣಿಯಲ್ಲಿ ಬೆಂಕಿ ಬಿದ್ದು 43 ಮಂದಿ ಸತ್ತರು. ದುಡಿದ ಕಟ್ಟಡದಲ್ಲೇ ಮಲಗಿದ್ದ ಕೂಲಿಕಾರರು ಅವರು. ಅದನ್ನು ಮನೆಕಸುಬು ಎನ್ನಲಾದೀತೆ? ಮಾಲೀಕನ ಕಾರ್ಖಾನೆ ಬಡವನ ಮನೆಯ ಮುಸುಕು ಹಾಕಿಕೊಂಡು ಬಂದರೆ ಆ ಮುಸುಕನ್ನು ಮೊದಲು ಎಳೆಯಬೇಕಾದವರು ನಾವು.

ನಮ್ಮ ರಾಜ್ಯದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಹಾಯೋಜನೆಯನ್ನು ಪ್ರಕಟಿಸಿ ಜನರ ಅಭಿಪ್ರಾಯ ಕೇಳಬೇಕು. ಆ ದಿನಗಳಲ್ಲಿ ಕಚೇರಿಗೆ ಎಡತಾಕುವವರು ನಿವೇಶನದ ದಲ್ಲಾಳಿಗಳು. ನಕ್ಷೆಯನ್ನು ಯಾವ ಗೋಡೆಗೆ ತೂಗುಹಾಕಿದ್ದಾರೆಂಬುದೂ ನೇಕಾರನಿಗೆ ತಿಳಿದಿರುವುದಿಲ್ಲ. ಆದ್ದರಿಂದ ನಮ್ಮ ಶಾಖೆಗಳವರು ಓಣಿ ಓಣಿಗೆ ಹೋಗಬೇಕು. ಯಾವ ಮನೆಯಲ್ಲಿ ಯಾವ ಕಸುಬು, ದುಡಿಯುವವರೆಷ್ಟು, ಮೋಟಾರು ಎಷ್ಟು ಅಶ್ವಶಕ್ತಿಯದು ಎಂದು ಪಟ್ಟಿ ಮಾಡಿ, ಅವಧಿ ಮುಗಿಯುವ ಮೊದಲೇ ಯೋಜನಾ ಪ್ರಾಧಿಕಾರಕ್ಕೆ ಕೊಟ್ಟು ಸ್ವೀಕೃತಿ ಪಡೆಯಬೇಕು. ರುಜು ಬಾರದವರ ಹೆಬ್ಬೆಟ್ಟನ್ನೂ ಒತ್ತಿಸಿ ತನ್ನಿ.